ಮಾಳಿಗೆ ಬೆಕ್ಕಿನ ಅರವತ್ತೈದು ದಿನ

ತಾಳಿಕೋಟೆಯಂಥ ಊರಿನಲ್ಲಿ ಸಾಕಿದ ಬೆಕ್ಕು ಗಬ್ಬವಾಗಿದೆಯೋ ಇಲ್ಲವೋ ಎಂಬ ಅನುಮಾನ ಮನೆಯವರಿಗೆ ಹುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಮೂರು ವಾರ ಕಳೆದುಹೋಗಿರುತ್ತದೆ. ಅನುಮಾನ ಗಟ್ಟಿಯಾಗುವಷ್ಟರಲ್ಲಿ ಮತ್ತೆರಡು ವಾರ ಸರಿಯುತ್ತದೆ. ಬೆಕ್ಕಿನ ಗರ್ಭಾವಧಿಯೇ ಒಟ್ಟು ಒಂಬತ್ತು ವಾರಗಳಷ್ಟು ಇರುವುದರಿಂದ, ಏನು ಮಾಡಬೇಕೆಂದು ಮನೆಮಂದಿ ಕೂತು ಯೋಚಿಸುವ ಹೊತ್ತಿಗೆ ಸುಲಭದಲ್ಲಿ ಮಾಡಬಹುದಾಗಿದ್ದ ಕೆಲಸದ ಕಾಲ ಅರ್ಧಕ್ಕರ್ಧ ಮೀರಿರುತ್ತದೆ. ಆಕಳು ಬೆದೆಗೆ ಬಂದ ದಿನ, ಹೋರಿಗೆ ಬಿಟ್ಟ ದಿನ, ಕೃತಕ ಗರ್ಭಧಾರಣೆಯ ಸೂಜಿ ಮಾಡಿಸಿದ ದಿನ, ಈಯಬೇಕಾದ ತಿಂಗಳು ಇವನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಳ್ಳುವ ಒಕ್ಕಲು ಮನೆಯೇ ಬೆಕ್ಕಿನ ವಿಷಯಕ್ಕೆ ಬಂದಾಗ ಯಾವ ಲೆಕ್ಕವನ್ನೂ ಇಡುವುದಿಲ್ಲ. ಬೆಕ್ಕಿಗೆ ಬೆಲೆ ಇಲ್ಲ, ಹಾಲಿನ ಲೆಕ್ಕ ಇಲ್ಲ, ಮಾರಾಟ ಇಲ್ಲ ಎಂಬುದು ಇದಕ್ಕೆ ಕಾರಣವಿರಬಹುದು. ಆದರೆ ಲೆಕ್ಕವಿಲ್ಲದ ಈ ಬಸಿರಿನ ಭಾರವನ್ನು ಕೊನೆಗೆ ಹೊರುವುದು ಗೋಣಿಚೀಲದಲ್ಲಿ ಊರಾಚೆ ಹೋಗುವ ಮರಿಗಳು.

1565ರ ಯುದ್ಧದಿಂದಾಗಿ ಚರಿತ್ರೆಯ ಪುಸ್ತಕಗಳಲ್ಲಿ ಹೆಸರುಳಿಸಿಕೊಂಡ ಈ ಊರು (ಕಾದಾಟ ನಡೆದದ್ದು ಕೃಷ್ಣಾತೀರದ ರಕ್ಕಸಗಿ–ತಂಗಡಗಿಗಳ ಕಡೆಗೆ ಎಂಬುದು ಬೇರೆ ಮಾತು) ಡೋಣಿ ನದಿಯ ದಡದಲ್ಲಿದೆ. ಮುದ್ದೇಬಿಹಾಳ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ಸ್ವತಂತ್ರ ತಾಲ್ಲೂಕಾದ ತಾಳಿಕೋಟೆಯ ಸುತ್ತಮುತ್ತ ಎರೆಭೂಮಿ ಹರಡಿದೆ. ಬಿಳಿಜೋಳ, ತೊಗರಿ, ಕಡಲೆ, ಹತ್ತಿ ಇಲ್ಲಿನ ಬೆಳೆಗಳು. ಕಾಳು ಇರುವಲ್ಲಿ ಇಲಿ, ಇಲಿ ಇರುವಲ್ಲಿ ಬೆಕ್ಕು ಎಂಬ ಸಂಬಂಧ ಮನುಷ್ಯ ಧಾನ್ಯ ಕೂಡಿಡಲು ಕಲಿತ ಕಾಲದಷ್ಟೇ ಹಳೆಯದು. ನೆಲದೊಳಗೆ ತೋಡಿದ ಕಣಜವಾದ ಹಗೇವು ಇದ್ದ ಕಾಲದಲ್ಲಿ ಹೇಗೋ, ಜೋಳದ ಚೀಲಗಳನ್ನು ಪಡಸಾಲೆಯಲ್ಲಿ ಒಟ್ಟುವ ಈ ಕಾಲದಲ್ಲೂ ಹಾಗೆಯೇ, ಬೆಕ್ಕಿಗೆ ಮನೆಯಲ್ಲಿ ಪ್ರವೇಶ ಸಿಕ್ಕಿರುವುದು ಮುದ್ದಿಗಿಂತ ಹೆಚ್ಚಾಗಿ ಈ ಚಾಕರಿಯ ಬಲದಿಂದ. 1876–78ರ ಭೀಕರ ಬರದ ಬೆನ್ನಿಗೇ, 1879ರ ಸುಮಾರಿಗೆ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆಯೂ ಸೇರಿ ದಖ್ಖನ್ನಿನ ಅನೇಕ ಕಡೆ ಇಲಿಗಳ ಹಾವಳಿ ಎದ್ದು ಹೊಲದ ಪೈರನ್ನೇ ನುಂಗಿತ್ತು. ಮುಂದೆ ಪ್ಲೇಗು ಮುಂಬಯಿ ಪ್ರಾಂತವನ್ನು ಹೊಕ್ಕ ಮೇಲೆ, ಅಮರಾವತಿಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬುಕಾನನ್ ಎಂಬಾತ ಪ್ಲೇಗು ತಡೆಯಲು ಮನೆಮನೆಯಲ್ಲೂ ಬೆಕ್ಕು ಸಾಕಬೇಕೆಂದು 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾದಿಸಿದ್ದನು. ಬೆಕ್ಕುಗಳು ಹೆಚ್ಚಬೇಕು ಎಂಬುದು ಒಂದು ಕಾಲದ ಸಾರ್ವಜನಿಕ ಆರೋಗ್ಯದ ಸಲಹೆಯಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಹೆಚ್ಚಾದವನ್ನು ಏನು ಮಾಡಬೇಕೆಂಬ ಇಂದಿನ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಸಿದ್ಧ ಉತ್ತರ ಯಾಕೆ ಇಲ್ಲವೆಂಬುದು ತಿಳಿಯುತ್ತದೆ.

ಬೆದೆ, ಬೆಳಕು, ಮಾಳಿಗೆ

ಹೆಣ್ಣು ಬೆಕ್ಕು ಪ್ರಾಯಕ್ಕೆ ಬರುವುದು ಮನೆಯವರ ಊಹೆಗಿಂತ ಬಹಳ ಬೇಗ. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳಲ್ಲಿ, ಕೆಲವು ಬೆಕ್ಕುಗಳಲ್ಲಿ ನಾಲ್ಕೇ ತಿಂಗಳಲ್ಲಿ ಮೊದಲ ಬೆದೆ ಕಾಣಿಸಿಕೊಳ್ಳುತ್ತದೆ. ಎಂದರೆ ದೀಪಾವಳಿಗೆ ಹಾಲಿನ ಬಟ್ಟಲಿಗೆ ಮುಖ ಮುಳುಗಿಸುತ್ತಿದ್ದ ಮರಿಯು ಯುಗಾದಿ ಕಳೆಯುವಷ್ಟರಲ್ಲಿ ತಾನೇ ಬಸುರಿಯಾಗಿರಬಹುದು. ಬೆಕ್ಕು ಹಗಲು ದೀರ್ಘವಾಗುವ ಋತುವಿನಲ್ಲಿ ಮತ್ತೆ ಮತ್ತೆ ಬೆದೆಗೆ ಬರುವ ಪ್ರಾಣಿ. ಕಣ್ಣಿಗೆ ಬೀಳುವ ಬೆಳಕಿನ ಅವಧಿ ಹೆಚ್ಚಿದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಕತ್ತಲೆಯ ಹಾರ್ಮೋನು ತಗ್ಗಿ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳು ಏರುತ್ತವೆ. ಯುರೋಪಿನಂಥ ಉತ್ತರದ ದೇಶಗಳಲ್ಲಿ ಚಳಿಗಾಲದ ಸಣ್ಣ ಹಗಲುಗಳು ಬೆಕ್ಕುಗಳಿಗೆ ಎರಡು ಮೂರು ತಿಂಗಳ ಬಿಡುವು ಕೊಡುತ್ತವೆ. ಆದರೆ ತಾಳಿಕೋಟೆ ಇರುವ ಅಕ್ಷಾಂಶದಲ್ಲಿ ಅತಿ ಸಣ್ಣ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಎರಡು ತಾಸಿನಷ್ಟೇ ಆಗಿರುವುದರಿಂದಲೂ, ಮನೆಯೊಳಗೆ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟು ಉರಿಯುವುದರಿಂದಲೂ, ಇಲ್ಲಿನ ಬೆಕ್ಕಿಗೆ ಆ ಬಿಡುವು ತೀರ ತೆಳ್ಳಗೆ ದಕ್ಕುತ್ತದೆ. ಸಂಕ್ರಮಣ ಕಳೆದ ಮೇಲೆ ಬೆದೆಯ ಗದ್ದಲ ಹೆಚ್ಚುವುದು ನಿಜವಾದರೂ, ವರ್ಷದ ಯಾವ ತಿಂಗಳಲ್ಲೂ ಬೆಕ್ಕು ಗಬ್ಬವಾಗಲಾರದು ಎಂದು ಹೇಳುವಂತಿಲ್ಲ.

ಬೆದೆಗೆ ಬಂದ ನಾಯಿಯಲ್ಲಿ ರಕ್ತದ ಗುರುತು ಕಾಣುತ್ತದೆ. ಬೆಕ್ಕಿನಲ್ಲಿ ಅದು ಕಾಣದು. ಕಾಣುವುದೆಲ್ಲ ನಡವಳಿಕೆ ಮಾತ್ರ: ಎಡೆಬಿಡದ ಒರಲು, ನೆಲದಲ್ಲಿ ಹೊರಳಾಟ, ಮನೆಯವರ ಕಾಲಿಗೆ, ಕಂಬಕ್ಕೆ, ಬಾಗಿಲ ಚೌಕಟ್ಟಿಗೆ ಮೈ ಉಜ್ಜುವುದು, ಬೆನ್ನು ಸವರಿದರೆ ಮುಂಗಾಲು ತಗ್ಗಿಸಿ ಹಿಂಭಾಗ ಎತ್ತಿ ಬಾಲವನ್ನು ಒಂದು ಬದಿಗೆ ಸರಿಸುವುದು. ಇದನ್ನು ಮೊದಲ ಸಲ ನೋಡಿದವರು ಹೊಟ್ಟೆನೋವೋ, ಚೇಳು ಕಡಿದದ್ದೋ, ಯಾರೋ ವಿಷ ಹಾಕಿದ್ದೋ ಎಂದು ಗಾಬರಿಯಾಗುವುದುಂಟು. ಈ ಸ್ಥಿತಿ ಸಾಮಾನ್ಯವಾಗಿ ವಾರದಷ್ಟು ಇದ್ದು, ಗಂಡು ಸಿಗದಿದ್ದರೆ ಇಳಿದು, ಎರಡು ಮೂರು ವಾರಗಳಲ್ಲಿ ಮರಳುತ್ತದೆ. ಹೀಗಾಗಿ ‘ಬೆದೆ ಹೋಯಿತು, ಇನ್ನು ಚಿಂತೆ ಇಲ್ಲ’ ಎಂದುಕೊಳ್ಳುವ ಮನೆಗೆ ಹದಿನೈದು ದಿನದಲ್ಲಿ ಅದೇ ಒರಲು ಮತ್ತೆ ಕೇಳಿಸುತ್ತದೆ.

ತಾಳಿಕೋಟೆಯ ಹಳೆಯ ಓಣಿಗಳಲ್ಲಿ ಮನೆಗಳ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಬೀದಿಗೆ ಕಾಲಿಡದೆಯೇ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಲ್ಲ ಜೀವವೆಂದರೆ ಬೆಕ್ಕು. ಹಗಲೆಲ್ಲ ಬಾಗಿಲು ತೆರೆದಿಡುವ, ಸೆಕೆಯ ರಾತ್ರಿಗಳಲ್ಲಿ ಜನರೇ ಮಾಳಿಗೆಯ ಮೇಲೆ ಮಲಗುವ ಊರಿನಲ್ಲಿ ‘ನಮ್ಮ ಬೆಕ್ಕು ಹೊರಗೆ ಹೋಗಿಯೇ ಇಲ್ಲ’ ಎಂಬ ಮಾತಿಗೆ ಅರ್ಥ ಕಡಿಮೆ. ಬೆಳಕಿಂಡಿಯೊಂದು ಸಾಕು, ಗೋಡೆಯಾಚೆಯ ಗಂಡು ಬೆಕ್ಕಿಗೆ ಒಂದು ರಾತ್ರಿ ಸಾಕು. ಅಲ್ಲದೆ ಹೆಚ್ಚಿನ ಸಸ್ತನಿಗಳಲ್ಲಿ ಆಗುವ ಹಾಗೆ ಬೆಕ್ಕಿನಲ್ಲಿ ಅಂಡ ತಾನಾಗಿ ಬಿಡುಗಡೆಯಾಗುವುದು ವಿರಳ. ಕೂಡುವಾಗ ಗಂಡಿನ ಜನನಾಂಗದ ಮೇಲಿನ ಸಣ್ಣ ಮುಳ್ಳುಗಳು ಉಂಟುಮಾಡುವ ಉದ್ದೀಪನದಿಂದಲೇ ಹೆಣ್ಣಿನ ಮಿದುಳು ಅಂಡ ಬಿಡುಗಡೆಯ ಹಾರ್ಮೋನನ್ನು ಸುರಿಸುತ್ತದೆ, ಮತ್ತು ಅದಾದ ಒಂದೆರಡು ದಿನದಲ್ಲಿ ಅಂಡಗಳು ಹೊರಬರುತ್ತವೆ. ಪ್ರೇರಿತ ಅಂಡೋತ್ಸರ್ಗವೆಂದು ಕರೆಯುವ ಈ ಏರ್ಪಾಟಿನಲ್ಲಿ ಒಂದು ಸಲ ಕೂಡಿದ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಅಂಡ ಬಿಡುಗಡೆಯಾದರೆ, ಕೆಲವೇ ತಾಸುಗಳಲ್ಲಿ ಹಲವು ಸಲ ಕೂಡಿದವುಗಳಲ್ಲಿ ಬಹುತೇಕ ಎಲ್ಲಕ್ಕೂ ಆಗುತ್ತದೆ. ಮಾಳಿಗೆಯ ಮೇಲೆ ಒಂದೇ ರಾತ್ರಿ ಎರಡು ಮೂರು ಗಂಡುಗಳು ಸೇರುವುದರಿಂದ ಒಂದೇ ಬಸಿರಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಸಾಧ್ಯ. ಕರಿ, ಕೆಂಪು, ಬೂದು ಮರಿಗಳು ಒಂದೇ ಬುಟ್ಟಿಯಲ್ಲಿ ಕಂಡರೆ ಅದರಲ್ಲಿ ಪವಾಡವಿಲ್ಲ.

ಅನುಮಾನದ ವಾರಗಳು

ಬಸಿರಿನ ಮೊದಲ ಹದಿನೈದು ದಿನ ಹೊರಗಿನಿಂದ ಏನೂ ತಿಳಿಯದು. ತಿಳಿಯುವುದು ಒಂದೇ, ಮರಳಬೇಕಾಗಿದ್ದ ಬೆದೆ ಮರಳಲಿಲ್ಲ ಎಂಬುದು. ಹದಿನೈದರಿಂದ ಇಪ್ಪತ್ತನೆಯ ದಿನದ ಹೊತ್ತಿಗೆ ಮೊಲೆತೊಟ್ಟುಗಳು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಸುತ್ತಲಿನ ಕೂದಲು ವಿರಳವಾಗುತ್ತದೆ. ಮೊದಲ ಬಸಿರಿನ ಬೆಕ್ಕಿನಲ್ಲಿ ಈ ಗುರುತು ಚೆನ್ನಾಗಿ ಕಾಣುತ್ತದೆ. ಹಿಂದೆ ಮರಿ ಹಾಕಿದ ಬೆಕ್ಕಿನಲ್ಲಿ ಅಷ್ಟು ನಂಬುವಂತಿಲ್ಲ. ಹೊಟ್ಟೆ ಕಣ್ಣಿಗೆ ಕಾಣುವಷ್ಟು ದುಂಡಗಾಗುವುದು ಐದನೆಯ ವಾರದ ನಂತರ. ಕೂಡಿದ ದಿನ ಗೊತ್ತಿದ್ದರೆ ಅಲ್ಲಿಂದ 63ರಿಂದ 67 ದಿನ ಎಣಿಸಿದರೆ ಮರಿ ಹಾಕುವ ದಿನ ಸುಮಾರಾಗಿ ಸಿಗುತ್ತದೆ. ಅಧಿಕ ಮಾಸವಿಲ್ಲದ ವರ್ಷದಲ್ಲಿ ಯುಗಾದಿ ಪಾಡ್ಯದಂದು ಗಂಡು ಕಂಡ ಬೆಕ್ಕು ಕಾರಹುಣ್ಣಿಮೆಗೆ ಒಂದು ವಾರ ಇರುವಾಗ ಮರಿ ಹಾಕುತ್ತದೆ ಎಂದು ಲೆಕ್ಕ ಹಾಕಬಹುದು. ದಿನದರ್ಶಿಕೆಯಲ್ಲಿ ಎಮ್ಮೆಯ ದಿನದ ಪಕ್ಕದಲ್ಲಿ ಬೆಕ್ಕಿನ ದಿನವನ್ನೂ ಬರೆದಿಡಲು ಖರ್ಚೇನೂ ಇಲ್ಲ.

ಆದರೆ ದುಂಡಗಾದ ಹೊಟ್ಟೆಯೆಲ್ಲ ಬಸಿರಲ್ಲ. ಜಂತುಹುಳುವಿನಿಂದ ಮರಿಬೆಕ್ಕಿನ ಹೊಟ್ಟೆ ಉಬ್ಬಿರುತ್ತದೆ. ಕೊರೋನಾ ಜಾತಿಯ ಒಂದು ವೈರಾಣುವಿನಿಂದ ಬರುವ ಉದರಪೊರೆಯ ಉರಿಯೂತದಲ್ಲಿ ಹೊಟ್ಟೆಯೊಳಗೆ ನೀರು ತುಂಬುತ್ತದೆ. ಆಗ ಹೊಟ್ಟೆ ಬೆಳೆದು ಬೆನ್ನುಮೂಳೆ ಎದ್ದು ಕಾಣುತ್ತದೆ. ಕೂಡಿದರೂ ಗರ್ಭ ನಿಲ್ಲದ ಬೆಕ್ಕಿನಲ್ಲಿ ಆರು ವಾರದಷ್ಟು ಹುಸಿಬಸಿರು, ಅಂದರೆ ಮರಿಗಳಿಲ್ಲದೆಯೇ ಹಾರ್ಮೋನು ಮಾತ್ರ ಬಸಿರಿನ ಆಟವಾಡುವ ಸ್ಥಿತಿ, ಇರಬಹುದು. ಎಲ್ಲಕ್ಕಿಂತ ಅಪಾಯದ್ದು ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ. ಬೆದೆಯಾದ ಕೆಲವು ವಾರಗಳ ಮೇಲೆ ಬೆಕ್ಕು ಮಂಕಾಗಿ, ಊಟ ಬಿಟ್ಟು, ಹೆಚ್ಚು ನೀರು ಕುಡಿಯುತ್ತ, ಹಿಂಭಾಗದಿಂದ ವಾಸನೆಯ ಸ್ರಾವ ಸುರಿಸುತ್ತಿದ್ದರೆ ‘ಗಬ್ಬ ಆಗೇತಿ, ಅದಕ್ಕ ಸುಸ್ತು’ ಎಂದು ಕಾಯುವುದು ಅದನ್ನು ಸಾಯಲು ಬಿಟ್ಟಂತೆ. ಬಸುರಿ ಬೆಕ್ಕು ಸಾಮಾನ್ಯವಾಗಿ ಚೆನ್ನಾಗಿ ತಿಂದುಂಡು ಲವಲವಿಕೆಯಿಂದಲೇ ಇರುತ್ತದೆ ಎಂಬ ಒಂದು ಮಾತು ನೆನಪಿದ್ದರೆ ಈ ತಪ್ಪು ಆಗಲಾರದು.

ಅನುಮಾನ ತೀರಿಸಿಕೊಳ್ಳಲು ಔಷಧಿ ಅಂಗಡಿಯಲ್ಲಿ ಹೆಂಗಸರಿಗಾಗಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿ ತಂದು ಬೆಕ್ಕಿನ ಮೂತ್ರಕ್ಕೆ ಅದ್ದುವುದರಿಂದ ಪ್ರಯೋಜನವಿಲ್ಲ. ಆ ಪಟ್ಟಿ ಗುರುತಿಸುವ ಹಾರ್ಮೋನು ಮನುಷ್ಯರ ಮಾಸಿನದು; ಬೆಕ್ಕಿನ ದೇಹದಲ್ಲಿ ಅದು ಹುಟ್ಟುವುದೇ ಇಲ್ಲ. ನುರಿತ ಪಶುವೈದ್ಯರು ಮೂರರಿಂದ ನಾಲ್ಕನೆಯ ವಾರದ ನಡುವೆ ಹೊಟ್ಟೆಯನ್ನು ಮೃದುವಾಗಿ ತಡವಿ, ಗರ್ಭಕೋಶದಲ್ಲಿ ಸಾಲಾಗಿ ಕೂತ ಗಂಟುಗಳನ್ನು ಬೆರಳಿನಿಂದಲೇ ಗುರುತಿಸಬಲ್ಲರು. ಈ ಕೆಲಸಕ್ಕೆ ಮನೆಯವರು ಕೈಹಾಕಿ ಒತ್ತಿ ನೋಡಿದರೆ ಗರ್ಭಕ್ಕೆ ಪೆಟ್ಟಾದೀತು. ಶಬ್ದಾತೀತ ತರಂಗಗಳ ಸ್ಕ್ಯಾನಿಂಗಿನಲ್ಲಿ ಸುಮಾರು ಮೂರು ವಾರದ ಹೊತ್ತಿಗೆ ಗರ್ಭಚೀಲಗಳೂ ಮುಂದೆ ಕೆಲವು ದಿನಗಳಲ್ಲಿ ಹೃದಯದ ಮಿಡಿತವೂ ಕಾಣುತ್ತವೆ. ಮರಿಗಳ ಸಂಖ್ಯೆ ಸರಿಯಾಗಿ ಎಣಿಸಬೇಕಾದರೆ ಮೂಳೆ ಗಟ್ಟಿಯಾಗುವ 45ನೆಯ ದಿನ ಕಳೆದ ಮೇಲೆ ಎಕ್ಸ್‌-ರೇ ತೆಗೆಸುವುದು ಒಳ್ಳೆಯದು. ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳ ದಿನಚರಿ ಎತ್ತು, ಎಮ್ಮೆ, ಕುರಿ, ಆಡುಗಳ ಸುತ್ತ ಕಟ್ಟಿಕೊಂಡಿರುವುದರಿಂದ ಬೆಕ್ಕಿಗೆ ಸ್ಕ್ಯಾನಿಂಗ್ ಬೇಕೆಂದವರು ಸುಮಾರು 80 ಕಿಲೋಮೀಟರ್ ದೂರದ ವಿಜಯಪುರದ ಕಡೆ ಮುಖ ಮಾಡಬೇಕಾಗಬಹುದು. ಬೀದರ್, ಗದಗಿನ ಪಶುವೈದ್ಯಕೀಯ ಕಾಲೇಜುಗಳು ಇನ್ನೂ ದೂರ. ಹಾಗೆಂದು ಊರಿನ ಪಶುವೈದ್ಯರನ್ನು ಬಿಟ್ಟುಹೋಗಬೇಕಿಲ್ಲ. ಕೈಯಿಂದ ತಡವಿ ನೋಡಲು ಯಂತ್ರ ಬೇಡ, ಮುಂದಿನ ದಾರಿ ಯಾವುದೆಂದು ಹೇಳಲೂ ಬೇಡ. ಬಸ್ಸಿನಲ್ಲಿ ಕರೆದೊಯ್ಯುವವರು ಬೆಕ್ಕನ್ನು ಕೈಯಲ್ಲಾಗಲಿ ಬಾಯಿ ಕಟ್ಟಿದ ಚೀಲದಲ್ಲಾಗಲಿ ಒಯ್ಯದೆ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲೋ ಹಣ್ಣಿನ ಪ್ಲಾಸ್ಟಿಕ್ ಕ್ರೇಟಿನಲ್ಲೋ ಹಳೆಯ ಬಟ್ಟೆ ಹಾಸಿ ಒಯ್ಯಬೇಕು. ಹೆದರಿದ ಬೆಕ್ಕು ಬಸ್‌ಸ್ಟ್ಯಾಂಡಿನಲ್ಲಿ ಜಿಗಿದು ಓಡಿದರೆ ಮತ್ತೆ ಸಿಗುವುದು ಕಷ್ಟ.

ಎತ್ತಿಗೆ ಒಪ್ಪುವುದು ಬೆಕ್ಕಿಗೆ ಒಪ್ಪದು

ಬಸಿರು ಖಚಿತವಾದ ಮೇಲೆ ಮನೆಯ ಮುಂದೆ ಇರುವುದು ಎರಡೇ ಹಾದಿ: ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಸುವ ಶಸ್ತ್ರಚಿಕಿತ್ಸೆ, ಅಥವಾ ಮರಿಗಳನ್ನು ಹಾಕಿಸಿ ಸಾಕಿ ಮನೆ ಹುಡುಕಿಕೊಡುವ ಹೊಣೆ. ಗಬ್ಬದ ಬೆಕ್ಕಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು. ಮೊದಲ ನಾಲ್ಕೈದು ವಾರಗಳಲ್ಲಿ ಅದು ಹೆಚ್ಚು ಸುರಕ್ಷಿತ, ದಿನ ಕಳೆದಂತೆ ಗರ್ಭಕೋಶದ ರಕ್ತನಾಳಗಳು ದಪ್ಪವಾಗಿ ರಕ್ತಸ್ರಾವದ ಅಪಾಯ ಏರುತ್ತದೆ. ಅನುಮಾನ ಬಂದ ವಾರವೇ ಪಶುವೈದ್ಯರ ಬಳಿಗೆ ಹೋಗಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಬಸಿರು ಇರದಿದ್ದರೂ ಅದೇ ಶಸ್ತ್ರಚಿಕಿತ್ಸೆ ಮುಂದಿನ ಬೆದೆಯನ್ನೂ, ಕೀವಿನ ಕಾಯಿಲೆಯನ್ನೂ ತಡೆಯುವುದರಿಂದ, ಅನುಮಾನ ಸುಳ್ಳಾದ ಮನೆಗೂ ಆ ಪ್ರಯಾಣ ನಷ್ಟದ್ದಲ್ಲ.

ಇಲ್ಲಿಯೇ ಹಿಂಜರಿಕೆ ಎದುರಾಗುತ್ತದೆ. ಮೂಕಪ್ರಾಣಿಯ ಸಂತಾನ ತಡೆಯುವುದು ಪಾಪವಲ್ಲವೇ, ಹೊಟ್ಟೆಯಲ್ಲಿರುವ ಮರಿಗಳನ್ನು ತೆಗೆಯುವುದು ಹೇಗೆ ಎಂಬ ಅಳುಕು ಗಂಭೀರವಾದುದು, ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಗರ್ಭದ ಮರಿಗಳನ್ನು ಉಳಿಸಿಕೊಳ್ಳಬೇಕೆನ್ನುವ ಮನೆ ಹಾಗೆಯೇ ಮಾಡಲಿ. ಆ ಮನೆ ಮರಿಗಳ ಎರಡು ತಿಂಗಳ ಹೊಣೆಯನ್ನೂ ಹೊತ್ತರೆ ಆಯಿತು. ಆದರೆ ಸಂತಾನಹರಣವೆಂಬುದೇ ಈ ಸೀಮೆಗೆ ಅಪರಿಚಿತ ಎಂಬ ವಾದ ನಿಲ್ಲದು. ಎರೆಹೊಲದಲ್ಲಿ ಕುಂಟೆ ಎಳೆಯುವ, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಸಿಕೊಳ್ಳುವ ಪ್ರತಿಯೊಂದು ಎತ್ತೂ ಬೀಜ ಒಡೆಸಿದ ಹೋರಿಯೇ; ತಲೆಮಾರುಗಳಿಂದ ಅರಿವಳಿಕೆಯೂ ಇಲ್ಲದೆ ನಡೆದುಬಂದ ಆ ಕೆಲಸವನ್ನು ಯಾವ ಓಣಿಯೂ ಪಾಪವೆಂದು ಕರೆದಿಲ್ಲ, ಬೇಸಾಯದ ಅಗತ್ಯ ಎಂದಿದೆ. ಅರಿವಳಿಕೆ ಕೊಟ್ಟು, ಒಂದೆರಡು ಅಂಗುಲದ ಗಾಯದ ಮೂಲಕ ಮುಗಿದು, ಹತ್ತು ಹದಿನಾಲ್ಕು ದಿನದಲ್ಲಿ ಮಾಯುವ ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಮಾತ್ರ ಧರ್ಮಸೂಕ್ಷ್ಮ ಅಡ್ಡಬರುವುದಾದರೆ, ಅದು ಧರ್ಮದ ಪ್ರಶ್ನೆ ಎನ್ನುವುದಕ್ಕಿಂತ ರೂಢಿಯ ಪ್ರಶ್ನೆ ಎನ್ನುವುದು ಮೇಲು.

‘ಒಂದ್ಸಲ ಮರಿ ಹಾಕ್ಲಿ ತಗೋ, ಆಮ್ಯಾಲ ನೋಡೂಣು’ ಎಂಬುದು ಇನ್ನೊಂದು ಮಾತು. ಒಮ್ಮೆಯಾದರೂ ತಾಯಿಯಾಗದ ಬೆಕ್ಕಿಗೆ ರೋಗ ಬರುತ್ತದೆಂಬ ನಂಬಿಕೆ ತಾಳಿಕೋಟೆಯದಷ್ಟೇ ಅಲ್ಲ, ಲೋಕದ ತುಂಬ ಇದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಆರು ತಿಂಗಳೊಳಗೆ ಸಂತಾನಹರಣವಾದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರಿನ ಅಪಾಯ ಶೇ 91ರಷ್ಟು, ಒಂದು ವರ್ಷದೊಳಗೆ ಆದವುಗಳಲ್ಲಿ ಶೇ 86ರಷ್ಟು ಕಡಿಮೆ ಕಂಡಿತ್ತು. ಮರಿ ಹಾಕಿದ್ದು ಬಿಟ್ಟದ್ದರಿಂದ ಆ ಅಪಾಯದಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಬೆಕ್ಕಿನ ಮೊಲೆಯ ಗಂಟುಗಳಲ್ಲಿ ಹೆಚ್ಚಿನವು ಕೆಟ್ಟ ಜಾತಿಯವೇ ಆಗಿರುವುದರಿಂದ ಈ ಅಂಕಿಗಳು ಬರಿಯ ಅಂಕಿಗಳಲ್ಲ.

ಗುಳಿಗೆಯಿಂದ ಬಸಿರು ಇಳಿಸುವ ಹಾದಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರಾಣಿಗಳಿಗೆಂದೇ ಇರುವ ಅಂಥ ಔಷಧಗಳು ಪಶುವೈದ್ಯರ ಕಣ್ಣೆದುರು, ಸ್ಕ್ಯಾನಿಂಗ್ ಜೊತೆಗಿಟ್ಟುಕೊಂಡು ಕೊಡುವಂಥವು. ಮನುಷ್ಯರ ಗರ್ಭಪಾತದ ಗುಳಿಗೆಯನ್ನು ಅಂದಾಜಿನ ಮೇಲೆ ಒಡೆದು ಹಾಲಿನಲ್ಲಿ ಬೆರೆಸುವುದು, ಪಪ್ಪಾಯಿ–ಎಳ್ಳು–ಬೆಲ್ಲ ತಿನ್ನಿಸುವುದು ಇವುಗಳಲ್ಲಿ ಮೊದಲನೆಯದು ಕೊಲ್ಲಬಹುದು, ಎರಡನೆಯದರಿಂದ ಏನೂ ಆಗದು. ಬೆದೆ ಬರದಂತೆ ತಡೆಯಲು ಹಾಕಿಸುವ ಪ್ರೊಜೆಸ್ಟಿನ್ ಜಾತಿಯ ಹಾರ್ಮೋನು ಸೂಜಿ, ಗುಳಿಗೆಗಳೂ ಕೀವಿನ ಕಾಯಿಲೆ, ಮೊಲೆಯ ಬಾವು, ಸಕ್ಕರೆ ರೋಗಗಳಿಗೆ ದಾರಿಮಾಡಬಲ್ಲವು.

ಬಸುರಿಯ ಬಟ್ಟಲು

ಮರಿ ಹಾಕಿಸುವುದೆಂದು ತೀರ್ಮಾನಿಸಿದ ಮನೆ ಮೊದಲು ನೋಡಬೇಕಾದದ್ದು ಬೆಕ್ಕಿನ ಊಟ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಟ್ಟ ಬಟ್ಟಲು ಈ ಭಾಗದ ಬೆಕ್ಕಿನ ಪರಂಪರೆಯ ಊಟ. ಅದರ ಮೇಲೆ ಇಲಿ, ಹಲ್ಲಿ, ಹಕ್ಕಿ ಹಿಡಿದು ತಿನ್ನುವ ಬೆಕ್ಕು ಹೇಗೋ ಬದುಕಿಕೊಳ್ಳುತ್ತದೆ, ಒಳಗೇ ಇರುವ ಬೆಕ್ಕಿಗೆ ಅದು ಸಾಲದು. ಬೆಕ್ಕು ಮಾಂಸದಿಂದಲೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಮೈನೋ ಆಮ್ಲವನ್ನು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದ ಬೆಕ್ಕಿಗೆ ಅದು ಮಾಂಸ, ಮೀನುಗಳಿಂದ ಬರಬೇಕು. ಕೊರತೆಯಾದರೆ ಭ್ರೂಣಗಳು ಕರಗಿಹೋಗುತ್ತವೆ, ಹುಟ್ಟಿದ ಮರಿಗಳು ಬೆಳೆಯುವುದಿಲ್ಲ, ತಾಯಿಯ ಕಣ್ಣು ಮತ್ತು ಹೃದಯ ಕೆಡುತ್ತವೆ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಇದೊಂದು ನಿಜವಾದ ಇಕ್ಕಟ್ಟು. ಮಾಂಸವನ್ನು ಒಳಗೆ ತರಲಾರದವರು ಮರಿಬೆಕ್ಕುಗಳಿಗೆಂದು ಮಾರುವ ಪೊಟ್ಟಣದ ಆಹಾರವನ್ನು ಹಿತ್ತಲಲ್ಲಿ ಬೇರೆ ಬಟ್ಟಲಿಗೆ ಹಾಕುವುದು ಒಂದು ಒಪ್ಪಂದ. ಬಸಿರಿನ ಕೊನೆಗೆ ತಾಯಿಯ ಊಟ ಮಾಮೂಲಿಗಿಂತ ಕಾಲುಪಾಲು ಹೆಚ್ಚಬೇಕು, ಹಾಲೂಡುವಾಗ ಎರಡು ಮೂರು ಪಟ್ಟು ಬೇಕು.

ಕಾಳಿನ ಚೀಲಗಳ ಪಕ್ಕದಲ್ಲಿ ಇಲಿಪಾಷಾಣ ಇಟ್ಟು ಬೆಕ್ಕನ್ನೂ ಸಾಕುವ ಮನೆಗಳು ಕಡಿಮೆಯಿಲ್ಲ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು. ಜ್ವರ ಬಂತೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡುವಂತೆಯೇ ಇಲ್ಲ, ಅರ್ಧ ಗುಳಿಗೆಯೂ ಪ್ರಾಣ ತೆಗೆದೀತು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫುಲ್ವಿನ್ ಗುಳಿಗೆ ಗರ್ಭದ ಮರಿಗಳನ್ನು ವಿಕಾರಗೊಳಿಸುತ್ತದೆ. ಜೀವಂತ ವೈರಾಣುವಿನ ಲಸಿಕೆಯನ್ನೂ ಬಸಿರಿನಲ್ಲಿ ಹಾಕಿಸಬಾರದು.

ಹೆರಿಗೆಯ ಹತ್ತಿರ ಬೆಕ್ಕು ತಾನೇ ಜಾಗ ಹುಡುಕುತ್ತದೆ. ಅಟ್ಟ, ಹಾಸಿಗೆಯ ಸುರುಳಿ, ಕಣಿಕೆಯ ಬಣವೆಯ ಸಂದು, ಟ್ರಂಕಿನ ಹಿಂಭಾಗ. ಒಂದು ವಾರ ಮುಂಚೆಯೇ ಕತ್ತಲಿನ, ಓಡಾಟವಿಲ್ಲದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಹಳೆಯ ಸೀರೆ ಹಾಸಿಟ್ಟರೆ ಅದನ್ನೇ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ವೈಶಾಖದ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗಿನ ಪೆಟ್ಟಿಗೆ ಮರಿಗಳನ್ನು ಬೇಯಿಸಿಬಿಡುತ್ತದೆ, ಮಣ್ಣಿನ ಮಾಳಿಗೆಯ ಕೆಳಗಿನ ಕೋಣೆ ಅದಕ್ಕಿಂತ ಎಷ್ಟೋ ವಾಸಿ. ಸಾಮಾನ್ಯವಾಗಿ ಮೂರರಿಂದ ಐದು ಮರಿಗಳು, ಒಂದೊಂದೂ ನೂರು ಗ್ರಾಮಿನ ಆಸುಪಾಸು, ಹತ್ತು ನಿಮಿಷದಿಂದ ಒಂದು ತಾಸಿನ ಅಂತರದಲ್ಲಿ ಹುಟ್ಟುತ್ತವೆ. ಹೆಚ್ಚಿನ ಹೆರಿಗೆಗಳಲ್ಲಿ ಮನುಷ್ಯರು ಮಾಡಬೇಕಾದದ್ದು ದೂರವಿರುವುದು. ಬೆಕ್ಕು ಅರ್ಧ ತಾಸು ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ, ಕೆಂಪು ರಕ್ತ ನಿಲ್ಲದೆ ಹರಿದರೆ ಪಶುವೈದ್ಯರಿಗೆ ಕೂಡಲೇ ಫೋನು ಮಾಡಬೇಕು. ರಾಜ್ಯದ ಪಶುವೈದ್ಯ ಸಂಚಾರಿ ಸೇವೆಯ 1962 ಸಂಖ್ಯೆ ಮುಖ್ಯವಾಗಿ ಜಾನುವಾರುಗಳಿಗೆಂದು ಇದ್ದರೂ ಅಂಥ ಹೊತ್ತಿನಲ್ಲಿ ಪ್ರಯತ್ನಿಸಬಹುದಾದದ್ದು.

ಪ್ರತಿ ಮರಿಯ ಹಿಂದೆ ಒಂದು ಮಾಸು ಬೀಳುತ್ತದೆ, ತಾಯಿ ಅದನ್ನು ತಿನ್ನುತ್ತದೆ. ಬೆಕ್ಕಿನ ಮಾಸನ್ನು ಒಣಗಿಸಿ ತಿಜೋರಿಯಲ್ಲಿಟ್ಟರೆ ಹಣ ಕೂಡುತ್ತದೆಂಬ ನಂಬಿಕೆ ದೇಶದ ಹಲವೆಡೆ ಇದ್ದು, ಅದಕ್ಕಾಗಿ ಹೆರುವ ಬೆಕ್ಕಿನ ಮುಂದೆ ಕಾದು ಕೂರುವವರೂ ಇದ್ದಾರೆ. ಹೀಗೆ ಕಾದು ಕೂತು ಕಿತ್ತುಕೊಂಡರೆ ಹೆದರಿದ ತಾಯಿ ಹೆರಿಗೆಯನ್ನೇ ತಡೆಹಿಡಿಯಬಹುದು, ಮರಿಗಳನ್ನು ಬಿಟ್ಟು ಓಡಬಹುದು. ತಿಜೋರಿಯ ಮಾತು ಬೇರೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿನಲ್ಲಿ ಮಾತ್ರ ನೋಟದ ನಿಜ ಇದೆ. ಗೂಡಿನ ವಾಸನೆ ಹೆಚ್ಚಿದಾಗ, ಮಕ್ಕಳು ಮತ್ತೆ ಮತ್ತೆ ಇಣುಕಿದಾಗ, ಗಂಡು ಬೆಕ್ಕಿನ ಸುಳಿವು ಸಿಕ್ಕಾಗ ತಾಯಿ ಮರಿಗಳ ಕುತ್ತಿಗೆಯ ಚರ್ಮ ಕಚ್ಚಿ ಹೊಸ ಜಾಗಕ್ಕೆ ಒಯ್ಯುತ್ತದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಶರಣಾಗತಿಯನ್ನು ವಿವರಿಸಲು ಬಳಸಿದ ಮಾರ್ಜಾಲಕಿಶೋರ ನ್ಯಾಯ ಇದೇ ನೋಟದಿಂದ ಹುಟ್ಟಿದ್ದು: ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಹೊತ್ತೊಯ್ಯುತ್ತದೆ. ಏಳರ ಲೆಕ್ಕ ಸುಳ್ಳಾದರೂ, ಮೊದಲ ಎರಡು ವಾರ ಇಣುಕಿ ನೋಡದ ಮನೆಯಲ್ಲಿ ಮರಿಗಳು ಒಂದೇ ಕಡೆ ಉಳಿಯುವುದು ಹೆಚ್ಚು.

ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಬೆಕ್ಕನ್ನು ಹೊರಹಾಕಬೇಕೆಂಬ ಒತ್ತಡ ಬರುತ್ತದೆ. ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಹೊರಬರುವುದು ನಿಜ. ಆದರೆ ಅದು ಸೋಂಕು ತಗಲಿಸುವಂತಾಗಲು ಒಂದರಿಂದ ಐದು ದಿನ ಬೇಕು, ಮತ್ತು ಬೆಕ್ಕು ಅದನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ಒಂದೆರಡು ವಾರ ಮಾತ್ರ. ಮಲವನ್ನು ಪ್ರತಿದಿನ ಬೇರೆಯವರು ತೆಗೆದುಹಾಕುವುದು, ಮಣ್ಣಿನ ಕೆಲಸದ ನಂತರ ಕೈ ತೊಳೆಯುವುದು, ಅರೆಬೆಂದ ಮಾಂಸ ತಿನ್ನದಿರುವುದು ಇಷ್ಟು ನಡೆದರೆ ಬೆಕ್ಕೂ ಬಸುರಿಯೂ ಒಂದೇ ಸೂರಿನಡಿ ಇರಬಹುದು. ಕಚ್ಚಿದರೆ, ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಮರಿಗಳು ಕಣ್ಣು ಬಿಟ್ಟ ಮೇಲೆ ಮನೆಯ ಉತ್ಸಾಹ ತಗ್ಗುತ್ತದೆ. ಸಂತೆಯ ಬಳಿ, ಖಾನಾವಳಿಯ ಹಿಂದೆ, ಮಾಂಸದಂಗಡಿಯ ಸಾಲಿನಲ್ಲಿ, ಊರ ಹೊರಗಿನ ಹಳ್ಳದ ದಂಡೆಯಲ್ಲಿ ಚೀಲ ಬಿಚ್ಚಿ ಬರುವ ರೂಢಿಯನ್ನು ‘ಬಿಟ್ಟು ಬರುವುದು’ ಎಂದು ಮೆತ್ತಗೆ ಹೇಳಲಾಗುತ್ತದೆ. ನಾಲ್ಕು ವಾರದ ಮರಿಗೆ ತಾಯಿಯ ಹಾಲು ತಪ್ಪಿದರೆ ಆಕಳ ಹಾಲು ಭೇದಿ ತರಿಸುತ್ತದೆ, ನಾಯಿಗಳಿಂದ ತಪ್ಪಿಸಿಕೊಳ್ಳುವ ಕಾಲು ಅದಕ್ಕಿನ್ನೂ ಬಂದಿರುವುದಿಲ್ಲ. ಅಲ್ಲಿ ಬಿಟ್ಟದ್ದು ಬದುಕಲೆಂದಲ್ಲ ಎಂಬುದು ಬಿಟ್ಟವರಿಗೂ ಗೊತ್ತಿರುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನಂತೆ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಎಂದು ಅಂದು ಬರೆದದ್ದು ಇಂದಿಗೂ ಹಾಗೆಯೇ ಉಳಿದಿರುವುದರಿಂದ ಈ ಕಾನೂನಿಗೆ ಹೆದರುವವರು ಯಾರೂ ಇಲ್ಲ. ಮರಿಗಳನ್ನು ನೀರಿಗೆ ಹಾಕಿ ಕೊಲ್ಲುವುದಕ್ಕೆ ಮಾತ್ರ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್ ಐದು ವರ್ಷದವರೆಗಿನ ಸೆರೆವಾಸವನ್ನು ಇಟ್ಟಿದೆ. ಬೀದಿಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳು ನಾಯಿಯನ್ನೇ ಮುಂದಿಟ್ಟುಕೊಂಡಿವೆ. ಸಣ್ಣ ಪಟ್ಟಣದ ಪುರಸಭೆಗಳ ಲೆಕ್ಕದಲ್ಲಿ ಬೆಕ್ಕು ಇನ್ನೂ ಬಂದಿಲ್ಲ, ಆದ್ದರಿಂದ ಕೆಲಸ ಸದ್ಯಕ್ಕೆ ಸಾಕಿದ ಮನೆಯದೇ.

ಮರಿಗಳು ಕನಿಷ್ಠ ಎಂಟು ವಾರ ತಾಯಿಯ ಜೊತೆ ಇರಬೇಕು. ಕಾಳಿನ ದಾಸ್ತಾನು ಇರುವ ತೋಟದ ಮನೆಗಳು, ಕಿರಾಣಿ ಅಂಗಡಿಗಳು, ಅಡತಿಯ ದಲಾಲಿ ಅಂಗಡಿಗಳು ಬೆಕ್ಕನ್ನು ಬೇಡವೆನ್ನುವುದು ಕಡಿಮೆ, ಆದರೆ ಅವರನ್ನು ಕೇಳಬೇಕಾದದ್ದು ಮರಿ ಹುಟ್ಟಿದ ವಾರದಲ್ಲಿ, ಬಿಡಿಸುವ ವಾರದಲ್ಲಿ ಅಲ್ಲ. ಹಾಲೂಡುತ್ತಿರುವ ತಾಯಿ ಗಬ್ಬವಾಗದೆಂಬುದು ಸುಳ್ಳು ಧೈರ್ಯ. ಮರಿಗಳು ಹಾಲು ಬಿಡುವ ಮುನ್ನವೇ ಕೆಲವು ಬೆಕ್ಕುಗಳು ಬೆದೆಗೆ ಬರುತ್ತವೆ, ಆದ್ದರಿಂದ ಆ ವಾರಗಳಲ್ಲಿ ಬೆಳಕಿಂಡಿಗೆ ಜಾಳಿಗೆ ಬಡಿಸಿ ತಾಯಿಯನ್ನು ಒಳಗೇ ಇಟ್ಟು, ಮರಿಗಳು ಬಿಟ್ಟು ಹಾಲು ಬತ್ತಿದ ಒಂದೆರಡು ವಾರದಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಬೇಕು. ಮರಿಗಳಲ್ಲಿ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಮನೆಯಲ್ಲೇ ಉಳಿಸಿಕೊಂಡವರು ಇನ್ನೊಂದು ಲೆಕ್ಕವನ್ನು ಮರೆಯುವಂತಿಲ್ಲ: ಬೆಕ್ಕುಗಳಿಗೆ ಅಣ್ಣ ತಂಗಿ, ತಾಯಿ ಮಗ ಎಂಬ ನಿಷೇಧವಿಲ್ಲ, ಕಾರಹುಣ್ಣಿಮೆಯ ಹೊತ್ತಿಗೆ ಹುಟ್ಟಿದ ಹೆಣ್ಣು ಮರಿ ದಸರೆಯ ಹೊತ್ತಿಗೆ ನಾಲ್ಕು ತಿಂಗಳದಾಗಿ, ಅದೇ ಪಡಸಾಲೆಯಲ್ಲಿ ಒರಲಲು ತೊಡಗಬಹುದು. ಪಶುವೈದ್ಯರ ಬಳಿ ತಾಯಿಗೆ ದಿನ ಕೇಳುವಾಗಲೇ ಅವೆರಡಕ್ಕೂ ನಾಲ್ಕು ತಿಂಗಳು ತುಂಬುವ ಹೊತ್ತಿನ ದಿನವನ್ನು ಕೇಳಿಟ್ಟುಕೊಳ್ಳುವುದು ಸಾಧ್ಯ.